ನೋಡಿಕೊಂಡು ಆಡು

ಬಸವನ ಬಾಗೇವಾಡಿಯ ಒಳಾಂಗಣ ಕ್ರೀಡಾಂಗಣದಲ್ಲಿ ಆ ಬೆಳಿಗ್ಗೆ ಯಾರು ಯಾರು ಇದ್ದರು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನೆಟ್ಟಿನ ಈಚೆ ಗೊಳಸಂಗಿಯ ಗೌತಮಿ, ಬೂಟಿನ ದಾರ ಬಿಗಿಯುತ್ತ ಕೂತಿದ್ದಳು. ಆಚೆ ನಮ್ಮ ಇಲಾಖೆಯ ದೊಡ್ಡ ಸಾಹೇಬರ ಮಗಳು ಸಾನ್ವಿ, ವಿಜಯಪುರದಿಂದ ಕಾರಿನಲ್ಲಿ ಬಂದವಳು. ಎತ್ತರದ ಕುರ್ಚಿಯ ಮೇಲೆ ಅಂಪೈರ್, ಗೆರೆಯ ಬಳಿ ಇನ್ ಔಟ್ ನೋಡುವವರು. ಮುಂದಿನ ಸಾಲಿನ ಸೋಫಾದಲ್ಲಿ ಸಾಹೇಬರು. ಹಿಂದಿನ ದಿನ ಅದೇ ಸೋಫಾದಲ್ಲಿ ಮದುಮಕ್ಕಳು ಕೂತಿದ್ದರು. ಹೂವಿನ ಮಾಲೆಯೊಂದು ಇನ್ನೂ ಅದರ ಕಾಲಿಗೆ ತೊಡರಿಕೊಂಡಿತ್ತು. ಬಾಗಿಲ ಬಳಿ ಗೌತಮಿಯ ತಾಯಿ ಕಮಲವ್ವ. ಊರ ಶಾಲೆಯಲ್ಲಿ ಬಿಸಿಯೂಟದ ಅಡಿಗೆ ಮಾಡುವವಳು, ಅವತ್ತು ಒಲೆಯನ್ನು ಬೇರೆಯವರಿಗೆ ಒಪ್ಪಿಸಿ ಬಂದಿದ್ದಳು. ಕೊನೆಗೆ ನಾನು, ಗೌತಮಿಯ ಕೋಚ್ ಮೌಲಾಸಾಬ. ಹೆಸರಿನಲ್ಲಿ ಸಾಬ ನಾನು, ಕುರ್ಚಿಯಲ್ಲಿ ಸಾಹೇಬರು ಅವರು. ಈ ವ್ಯತ್ಯಾಸ ತಿಳಿದುಕೊಳ್ಳುವುದರಲ್ಲಿಯೇ ನನ್ನ ನೌಕರಿ ಮುಗಿದಿದೆ.

ಆಟ ನಡೆಯಬೇಕಾಗಿದ್ದು ಒಂದೇ ಒಂದು ಜಾಗಕ್ಕೆ. ಜಿಲ್ಲೆಯ ಕ್ರೀಡಾ ವಸತಿ ಶಾಲೆಯಲ್ಲಿ ಬ್ಯಾಡ್ಮಿಂಟನ್ ಆಡುವ ಹುಡುಗಿಗೆ ಒಂದು ಜಾಗ ಖಾಲಿಯಿತ್ತು. ಗೆದ್ದವಳು ಹೋಗುತ್ತಾಳೆ. ಆ ಸಲ ತಪ್ಪಿದರೆ ಗೌತಮಿಗೆ ವಯಸ್ಸು ಮೀರುತ್ತಿತ್ತು. ಆಮೇಲೆ ಅವಳ ಪಾಲಿಗೆ ಉಳಿಯುವುದು ಗೊಳಸಂಗಿಯ ಶಾಲೆಯ ಅಂಗಳ, ಹರಿದ ನೆಟ್ಟು ಮತ್ತು ನಾನು. ಈ ಮೂರರಲ್ಲಿ ಯಾವುದೂ ಹೊಸದಾಗುವ ಲಕ್ಷಣ ಇರಲಿಲ್ಲ.

ಸಾಹೇಬರು ಬೆರಳು ಮಾಡಿ ನನ್ನನ್ನು ಕರೆದರು.

“ಮಾಸ್ತರ, ಹುಡುಗೀನ್ನ ಚಲೋ ತಯಾರ್ ಮಾಡೀರಂತ.”

“ನಿಮ್ಮ ಆಶೀರ್ವಾದ್ರಿ.”

“ಆಕಿಗೆ ಒಂದ್ ಮಾತು ಹೇಳ್ರಿ. ನೋಡ್ಕೊಂಡು ಆಡು ಅಂತ.”

“ಹೇಳ್ತೇನ್ರಿ.”

“ನೀವೂ ಬರೂ ತಿಂಗಳ ರಿಟೈರ್ ಆಗೋರು. ಆಮ್ಯಾಲ ಕಾಂಟ್ರ್ಯಾಕ್ಟ್ ಮ್ಯಾಲ ಇಟ್ಕೊಳ್ಳೂದು ನಮ್ಮ ಕೈಯಾಗ ಐತಿ. ನಾವೂ ನೋಡ್ಕೊಂಡ ಮಾಡ್ತೀವಿ.”

ಬ್ಯಾಡ್ಮಿಂಟನ್ ಆಡಿಯೇ ಹೊಟ್ಟೆ ಹೊರೆಯಬೇಕೆಂದು ಹೊರಟಿರುವ ತಮ್ಮಂದಿರೇ, ತಂಗಿಯರೇ, ಈ “ನೋಡಿಕೊಂಡು ಆಡು” ಎಂಬುದರ ಅರ್ಥ ನಿಮಗೆ ಯಾವ ಕೋಚಿಂಗ್ ಶಿಬಿರದಲ್ಲೂ ಸಿಗುವುದಿಲ್ಲ. ನಮ್ಮ ವೃತ್ತಿಯಲ್ಲಿ ಅದರ ಅರ್ಥ ಸೋಲು ಎಂದು. ಬರೀ ಸೋಲು ಅಲ್ಲ, ಎದುರಿನವರಿಗೆ ಗೊತ್ತಾಗದ ಹಾಗೆ ಸೋಲು. ಆ ವಿದ್ಯೆ ನನಗೆ ಹೇಗೆ ಬಂತೆಂದು ಹೇಳದೆ ಈ ಆಟದ ಕಥೆ ಮುಂದಕ್ಕೆ ಹೋಗುವುದಿಲ್ಲ.

ನಾನು ಆಟ ಕಲಿತದ್ದು ಸಿಂದಗಿಯಲ್ಲಿ, ಶಾಲೆಯ ಹಿಂದಿನ ಬಯಲಿನಲ್ಲಿ. ಬೂದಿಯಿಂದ ಗೆರೆ ಎಳೆಯುತ್ತಿದ್ದೆವು. ಗಾಳಿ ಬಂದರೆ ಗೆರೆಯೇ ಪಕ್ಕಕ್ಕೆ ಸರಿಯುತ್ತಿತ್ತು. ಶಟಲ್ ಕಾಕನ್ನು ನಮ್ಮ ಕಡೆ ಬರೀ ಕಾಕ್ ಎನ್ನುತ್ತಾರೆ. ಮೊದಲ ಸಲ ಅದನ್ನು ಮನೆಗೆ ತಂದಾಗ ನಮ್ಮ ನಾನಿ ಕೈಯಲ್ಲಿ ಹಿಡಿದು, ಆಚೆ ಈಚೆ ತಿರುಗಿಸಿ ನೋಡಿ, “ಪುಕ್ಕ ಐತಿ, ಕೋಳಿ ಎಲ್ಲಿ ಹೋತು?” ಎಂದು ಕೇಳಿದಳು. ಮುಂದೆ ನನಗೆ ನೌಕರಿ ಸಿಕ್ಕ ಮೇಲೂ ಬಂದವರಿಗೆಲ್ಲ, “ನಮ್ಮ ಮೊಮ್ಮಗ ಪುಕ್ಕ ಹಾರಿಸ್ತಾನ, ಸರಕಾರ ಪಗಾರ ಕೊಡತೈತಿ” ಎಂದೇ ಹೇಳುತ್ತಿದ್ದಳು. ಇದಕ್ಕಿಂತ ಸರಿಯಾಗಿ ನನ್ನ ಹುದ್ದೆಯನ್ನು ವಿವರಿಸಿದವರನ್ನು ನಾನು ಇಲ್ಲಿಯವರೆಗೆ ಕಂಡಿಲ್ಲ.

ಬಯಲಿನಲ್ಲಿ ಆಡುವವನಿಗೆ ಎದುರಾಳಿಗಿಂತ ಗಾಳಿಯ ಪರಿಚಯ ಮುಖ್ಯ. ಕಾಕನ್ನು ಎಡಮೂಲೆಗೆ ಬೀಳಿಸಬೇಕಾದರೆ ಒಂದು ಮಾರು ಹೊರಗೆ ಹೊಡೆದು ಗಾಳಿಗೆ ಬಿಟ್ಟುಬಿಡಬೇಕು. ಗಾಳಿ ಅದನ್ನು ಕರೆದುಕೊಂಡು ಬಂದು ಒಳಗೆ ಕೂರಿಸುತ್ತದೆ. ಈ ಹಿಕಮತ್ತಿನಲ್ಲಿ ಸಿಂದಗಿಗೆ ನಾನೇ ಮೊದಲಿಗ. ಹೀಗೆ ಬೀಗಿಕೊಂಡು ಒಮ್ಮೆ ಹುಬ್ಬಳ್ಳಿಗೆ ಟೂರ್ನಮೆಂಟಿಗೆ ಹೋದೆ. ಮೊದಲ ಬಾರಿ ನಾಲ್ಕು ಗೋಡೆಯ ನಡುವೆ ಆಡುವುದು. ಹೊಡೆದದ್ದೆಲ್ಲ ಒಂದು ಮಾರು ಹೊರಗೆ ಹೋಗಿ ಬಿತ್ತು. ಅಂಪೈರ್ ಆಟ ನಿಲ್ಲಿಸಿ ಕೇಳಿದ:

“ಎಲ್ಲಿಗೆ ಹೊಡಿಯಾಕತ್ತೀಯಪಾ?”

“ಗಾಳಿಗೆ ಬಿಟ್ಟೇನ್ರಿ.”

“ಬಾಗಲ ಹಾಕೇತಿ. ಒಳಗ ಎಲ್ಲಿಂದ ಬರತೈತಿ ಗಾಳಿ?”

ಸೋತೆ. ಆದರೆ ಸೋತ ನಾಚಿಕೆಗೆ ನಗು ಬಂದು, ನಗುತ್ತಲೇ ಎದುರಾಳಿಯ ಕೈ ಕುಲುಕಿದೆ. ಅಲ್ಲಿ ಆಟಗಾರರನ್ನು ನೌಕರಿಗೆ ಆರಿಸಲು ಬಂದಿದ್ದ ಒಬ್ಬ ಅಧಿಕಾರಿ ಅದನ್ನು ಕಂಡರು. “ಈ ಹುಡುಗ ಸೋತ್ರೂ ನಗತಾನ. ನಮ್ಮ ಆಫೀಸಿಗೆ ಇಂಥವನ ಬೇಕು” ಎಂದರಂತೆ. ಗೆದ್ದವನು ಊರಿಗೆ ಕಪ್ಪು ಒಯ್ದ, ನಾನು ನೌಕರಿಗೆ ಹೋದೆ. ಗೆದ್ದವನನ್ನು ಯಾಕೆ ಬಿಟ್ಟರು ಎಂಬುದು ಆಗ ನನಗೆ ತಿಳಿಯಲಿಲ್ಲ.

ತಿಳಿದದ್ದು ಇಂಡಿ ಪಟ್ಟಣದಲ್ಲಿ. ಅಲ್ಲಿಗೆ ನನ್ನನ್ನು ಹಾಕಿದಾಗ ಆಫೀಸಿನ ಕೆಲಸ ಹನ್ನೊಂದಕ್ಕೆ, ನಿಜವಾದ ಕೆಲಸ ಬೆಳಿಗ್ಗೆ ಆರಕ್ಕೆ ಎಂದು ಮೊದಲ ದಿನವೇ ಗೊತ್ತಾಯಿತು. ಬೆಳಿಗ್ಗೆ ಅಧಿಕಾರಿಗಳ ಕ್ಲಬ್ಬಿನಲ್ಲಿ ಸಾಹೇಬರ ಜೊತೆ ಆಡಬೇಕು. ನನಗಿಂತ ಮೊದಲೇ ಅಲ್ಲಿದ್ದ ಹಳೆಯ ಆಟಗಾರ ಚಂದ್ರಾಮಣ್ಣ. ರಾಜ್ಯದ ಪರವಾಗಿ ಆಡಿದವನು. ಅವನ ಸ್ಮ್ಯಾಶ್ ಬಿದ್ದ ಜಾಗದಲ್ಲಿ ಧೂಳು ಏಳುತ್ತಿತ್ತು. ಅಂಥವನು ಒಬ್ಬ ಬೊಜ್ಜಿನ ಸಾಹೇಬರ ಎದುರು ಎರಡು ಗೇಮ್ ಸೋತು, ಸೊಂಟದ ಮೇಲೆ ಕೈಯಿಟ್ಟು ಏದುಸಿರು ಬಿಡುತ್ತಿದ್ದ. ಸಾಹೇಬರು ಚಹಾಕ್ಕೆ ಹೋದದ್ದೇ ತಡ ಅವನ ಉಸಿರಾಟ ಸರಿಹೋಯಿತು.

“ಅಣ್ಣಾ, ಮೈಯಾಗ ಆರಾಮ ಇಲ್ಲೇನು?” ಎಂದೆ.

“ಆರಾಮ ಐತಿ. ಇದು ಡ್ಯೂಟಿ.”

ಆಮೇಲೆ ಪಾಠ ಹೇಳಿಕೊಟ್ಟ. “ಸಾಹೇಬ ಆಡಾಕ ಬಂದಿಲ್ಲ, ಗೆಲ್ಲಾಕ ಬಂದಾನ. ಆಡೂದು ನಿನ್ನ ಕೆಲಸ. ಕಾಕ್ ಯಾವಾಗ್ಲೂ ಅವನ ಬಲಗಡೆ ಭುಜದ ಮ್ಯಾಲ ಎತ್ತಿ ಕೊಡು, ಕಣ್ಣು ಮುಚ್ಕೊಂಡು ಬೀಸಿದ್ರೂ ಹತ್ತಬೇಕು. ಬರೇ ನೆಟ್ಟಿಗೆ ಹೊಡದು ಸೋಲಬ್ಯಾಡ, ಅದು ಬಡವರು ಸೋಲೂ ರೀತಿ. ಗೆರಿ ಹತ್ರ, ಬೆರಳಿನಷ್ಟು ಹೊರಗ ಬೀಳಸು. ಸಾಹೇಬಗೂ ಅನ್ಸಬೇಕು, ಅಲ್ಲೋ ಇದು ಸ್ವಲ್ಪದಾಗ ತಪ್ಪೇತಿ ಅಂತ. ಕಡೀಕ ‘ಏನ್ ಹೊಡದ್ರಿ ಸಾಹೇಬ್ರ’ ಅನ್ನು. ಇಷ್ಟಕ್ಕ ನೋಡ್ಕೊಂಡು ಆಡೂದು ಅಂತಾರ.”

ಬೆರಳಿನಷ್ಟು ಹೊರಗೆ ಬೀಳಿಸುವುದು ಒಳಗೆ ಬೀಳಿಸುವುದಕ್ಕಿಂತ ಕಷ್ಟ. ನನ್ನ ಕೈ ನಿಖರವಾದದ್ದು ಹೀಗೆ ಸೋಲುವುದನ್ನು ಅಭ್ಯಾಸ ಮಾಡಿ. ಸಾಹೇಬರುಗಳು ಬದಲಾದಂತೆ ಸೋಲಿನ ರೀತಿಯೂ ಬದಲಾಗಬೇಕಾಗುತ್ತಿತ್ತು. ಒಬ್ಬರಿಗೆ ಸುಲಭವಾಗಿ ಗೆದ್ದರೆ ಸಿಟ್ಟು; ಅವರಿಗೆ ಕೊನೆಯವರೆಗೂ ಎಳೆದಾಡಿ ಸೋಲಬೇಕು. ಇನ್ನೊಬ್ಬರಿಗೆ ಮನೆಯವರು ನೋಡಲು ಬಂದ ದಿನ ಮಾತ್ರ ಗೆಲ್ಲಬೇಕು, ಉಳಿದ ದಿನ ಹೇಗಾದರೂ ನಡೆಯುತ್ತದೆ. ಮತ್ತೊಬ್ಬರಂತೂ ತಾವು ಸೋತ ದಿನ ಕಾಕ್ ಹಳೆಯದೆಂದು ಬರೆಸಿ ಹೊಸ ಡಬ್ಬಿ ತರಿಸುತ್ತಿದ್ದರು. ಅವರ ಕಾಲದಲ್ಲಿ ನಮ್ಮ ಕ್ಲಬ್ಬಿಗೆ ಕಾಕಿನ ಕೊರತೆಯೇ ಬರಲಿಲ್ಲ.

ಇಂಥ ಶಾಂತಿಯ ದಿನಗಳಲ್ಲಿ ನನ್ನಿಂದ ಒಂದು ಎಡವಟ್ಟಾಯಿತು. ಒಂದು ಬೆಳಿಗ್ಗೆ ಮೇಲಿನಿಂದ ಬಂದ ದೊಡ್ಡವರೊಬ್ಬರ ಎದುರು ಆಡುತ್ತಿದ್ದೆ. ಕಾಕನ್ನು ಚಂದ್ರಾಮಣ್ಣ ಹೇಳಿದ ಭುಜಕ್ಕೇ ಎತ್ತಿಕೊಟ್ಟೆ. ಅಭ್ಯಾಸ ನೋಡಿ, ಅದು ಇನ್ನೂ ಗಾಳಿಯಲ್ಲಿರುವಾಗಲೇ ನನ್ನ ಬಾಯಿಂದ “ಏನ್ ಹೊಡದ್ರಿ ಸಾಹೇಬ್ರ” ಎಂದು ಬಂದುಬಿಟ್ಟಿತು. ಸಾಹೇಬರು ಬೀಸಿದರು. ರ‍್ಯಾಕೆಟ್ಟು ಒಂದು ಕಡೆ ಹೋಯಿತು, ಕಾಕ್ ಅವರ ತಲೆಯ ಮೇಲೆ ಬಂದು ಕೂತಿತು. ಚಂದ್ರಾಮಣ್ಣ ಮೆಲ್ಲಗೆ ಹತ್ತಿರ ಬಂದು, “ಮುದ್ದೇಬಿಹಾಳದಾಗ ನೀರು ಚಲೋ ಅದಾವಪಾ” ಎಂದ. ಅವನ ಲೆಕ್ಕ ತಪ್ಪಲಿಲ್ಲ. ಮುಂದಿನ ವಾರ ನಾನು ಮುದ್ದೇಬಿಹಾಳದಲ್ಲಿದ್ದೆ.

ಅಲ್ಲಿಗೆ ಕೆಲವು ದಿನಗಳ ಮೇಲೆ ಒಬ್ಬರು ಮೇಡಂ ಅಧಿಕಾರಿಯಾಗಿ ಬಂದರು. ತೆಳ್ಳಗಿನ ಹೆಂಗಸು. ಮೊದಲ ಬೆಳಿಗ್ಗೆ ನಾನು ಯಥಾಪ್ರಕಾರ ಬಲಭುಜಕ್ಕೆ ಎತ್ತಿಕೊಟ್ಟೆ, ಬೆರಳಿನಷ್ಟು ಹೊರಗೆ ಬೀಳಿಸಿದೆ, ಏದುಸಿರು ಬಿಟ್ಟೆ. ನಾಲ್ಕೈದು ಪಾಯಿಂಟ್ ಆದ ಮೇಲೆ ಅವರು ಕಾಕನ್ನು ಕೈಯಲ್ಲಿ ಹಿಡಿದು ನಿಂತುಬಿಟ್ಟರು.

“ನೀವು ಆಡೋಕೆ ಬಂದಿದೀರೋ, ಸತ್ಕಾರಕ್ಕೆ ಬಂದಿದೀರೋ?”

ಅವರು ಕಾಲೇಜಿನ ದಿನಗಳಲ್ಲಿ ಚೆನ್ನಾಗಿ ಆಡಿದವರಂತೆ. “ಸರಿಯಾಗಿ ಆಡಿ. ಇಲ್ಲದಿದ್ರೆ ನಾಳೆಯಿಂದ ಬರಬೇಡಿ” ಎಂದರು. ನನಗೆ ಎಷ್ಟು ಖುಷಿಯಾಯಿತೆಂದರೆ ಬೂಟಿನ ದಾರ ಬಿಚ್ಚಿ ಮತ್ತೆ ಕಟ್ಟಿಕೊಂಡೆ. ಆದರೆ ಆಟ ಶುರುವಾದ ಮೇಲೆ ಕೈ ಮಾತು ಕೇಳಲಿಲ್ಲ. ಸ್ಮ್ಯಾಶ್ ಹೊಡೆಯಬೇಕಾದಲ್ಲಿ ಅದು ತಾನಾಗಿಯೇ ಬಲಭುಜಕ್ಕೆ ಎತ್ತಿಕೊಡುತ್ತಿತ್ತು. ಗೆರೆಯೊಳಗೆ ಬೀಳಿಸಲು ನೋಡಿದರೆ ಬೆರಳಿನಷ್ಟು ಹೊರಗೇ ಬೀಳುತ್ತಿತ್ತು. ಮೇಡಂ ನನ್ನನ್ನು ಪ್ರಾಮಾಣಿಕವಾಗಿ ಸೋಲಿಸಿದರು. ಅವರು ಅಲ್ಲಿ ಇದ್ದಷ್ಟು ದಿನ ಒಂದೇ ಒಂದು ಗೇಮ್ ಗೆಲ್ಲಬೇಕೆಂದು ಒದ್ದಾಡಿದೆ, ಆಗಲಿಲ್ಲ. ಆಟಗಾರನಾಗಿ ನನ್ನ ಕಥೆ ಅಲ್ಲಿಗೆ ಮುಗಿಯಿತು. ಕಲಿಸುವ ಕೆಲಸ ಕೇಳಿಕೊಂಡೆ, ಕೊಟ್ಟರು.

ಕಾಲ ಬದಲಾಯಿತು, ಪದ್ಧತಿಗಳೂ ಬದಲಾದವು. ಮೊದಲು ಸರ್ವೀಸ್ ಕೈಯಲ್ಲಿದ್ದವನಿಗೆ ಮಾತ್ರ ಪಾಯಿಂಟ್ ಸಿಗುತ್ತಿತ್ತು. ಒಬ್ಬ ಸಾಹೇಬರ ಎದುರು ಮರ್ಯಾದೆಯಿಂದ ಸೋಲಲು ತಾಸು ಹಿಡಿಯುತ್ತಿತ್ತು. ಈಗ ಪ್ರತಿ ಹೊಡೆತಕ್ಕೂ ಪಾಯಿಂಟ್ ಇದೆ, ಚಹಾ ಕುದಿಯುವುದರೊಳಗೆ ಸೋತು ಮುಗಿಸಬಹುದು. ಆಡಳಿತ ಸುಧಾರಣೆ ಎಂದರೆ ಇದೇ ಇರಬೇಕು. ಬಯಲಿನ ಬದಲು ಒಳಾಂಗಣಗಳು ಬಂದವು. ಬಾಗೇವಾಡಿಯಲ್ಲಿ ಕಟ್ಟಿದ ಒಳಾಂಗಣ ನಿಜಕ್ಕೂ ಚಂದವಾಗಿದೆ. ಆಟಕ್ಕೆ ಮಾಡಿದ್ದೆಂದು ಹೊರಗೆ ದೊಡ್ಡದಾಗಿ ಬರೆದದ್ದರಿಂದ ಜನ ಅದನ್ನು ಮದುವೆಗೆ ಹಿಡಿಯುತ್ತಾರೆ. ಮದುವೆಯ ಮರುದಿನ ಕೋರ್ಟಿನಲ್ಲಿ ಅಕ್ಷತೆ ಚೆಲ್ಲಿರುತ್ತದೆ. ಗುಡಿಸದೆ ಆಡಿದರೆ ಕಾಲು ಜಾರುತ್ತದೆ. ಹಾಗಾಗಿ ನನ್ನ ಕೈಯಲ್ಲಿ ಕಲಿತವರಿಗೆ ಮೊದಲ ಪಾಠ ರ‍್ಯಾಕೆಟ್ಟಿನದಲ್ಲ, ಕಸಬರಿಗೆಯದು. ಮಂದಿ ಸೆಕೆಯಲ್ಲಿ ಊಟ ಮಾಡಬಾರದೆಂದು ಮಾಡಿನ ತುಂಬ ದೊಡ್ಡ ದೊಡ್ಡ ಫ್ಯಾನುಗಳನ್ನೂ ಹಾಕಿದ್ದಾರೆ. ಅವು ತಿರುಗತೊಡಗಿದರೆ ಕಾಕ್ ಎಲ್ಲಿ ಹೋಗಬೇಕೆಂಬುದನ್ನು ಆಟಗಾರರಲ್ಲ, ಫ್ಯಾನುಗಳೇ ತೀರ್ಮಾನಿಸುತ್ತವೆ. ಆಟದ ದಿನ ಅವನ್ನು ಹಾಕಕೂಡದೆಂದು ನಾನೇ ಬಾಗಿಲ ಮೇಲೆ ಬರೆದು ಅಂಟಿಸಿದ್ದೆ.

ಗೌತಮಿ ನನಗೆ ಸಿಕ್ಕಿದ್ದು ಗೊಳಸಂಗಿಯ ಶಾಲೆಯಲ್ಲಿ. ಆ ಅಂಗಳದಲ್ಲಿ ಗಾಳಿ ನಿಲ್ಲುವುದೇ ಇಲ್ಲ. ಹುಡುಗಿ ಕಾಕನ್ನು ಹೊರಗೆ ಹೊಡೆದು ಗಾಳಿಗೆ ಬಿಡುತ್ತಿದ್ದಳು, ಗಾಳಿ ತಂದು ಒಳಗೆ ಕೂರಿಸುತ್ತಿತ್ತು. ಯಾರು ಕಲಿಸಿದ್ದು ಎಂದು ಕೇಳಿದರೆ, “ಯಾರೂ ಇಲ್ರಿ. ಹೊಡಿದ್ರ ಅಲ್ಲೇ ಹೋಗತೈತ್ರಿ” ಎಂದಳು. ವಾರಕ್ಕೆರಡು ಸಲ ಬಾಗೇವಾಡಿಗೆ ಕರೆಸಿ ಗೋಡೆಯ ನಡುವೆ ಆಡುವುದನ್ನೂ ಕಲಿಸಿದೆ. ಸಾಹೇಬರುಗಳ ಕ್ಲಬ್ಬಿನ ಕಡೆ ಮಾತ್ರ ಹಾಯಗೊಡಲಿಲ್ಲ. ಬಲಭುಜದ ವಿಷಯ ಅವಳಿಗೆ ಗೊತ್ತೇ ಇರಲಿಲ್ಲ.

ಅಂಥವಳ ಹತ್ತಿರ ಹೋಗಿ ನಾನೀಗ ಸಾಹೇಬರ ಮಾತನ್ನು ಮುಟ್ಟಿಸಬೇಕಾಗಿತ್ತು. ಸಾಹೇಬರ ಕಣ್ಣು ನನ್ನ ಬೆನ್ನ ಮೇಲೇ ಇತ್ತು. ಕಮಲವ್ವ ಮಗಳ ಪಕ್ಕಕ್ಕೆ ಬಂದು ನಿಂತಿದ್ದಳು.

“ಗೌತಮಿ, ಸಾಹೇಬ್ರು ಹೇಳ್ಯಾರ. ನೋಡ್ಕೊಂಡು ಆಡು ಅಂತ.”

“ಹೂನ್ರಿ ಮಾಸ್ತರ” ಎಂದು ಗೌತಮಿ ಎದ್ದಳು.

ಕಮಲವ್ವನ ಹುಬ್ಬು ಮೇಲೇರಿತು. “ನೋಡ್ಕೊಂಡು ಅಂದ್ರ ಹೆಂಗ್ರಿ ಮಾಸ್ತರ? ನಮ್ಮ ಸಾಲಿಗೆ ಯಾರರ ಸಾಹೇಬ್ರು ಊಟಕ್ಕ ಬಂದ್ರ ನೋಡ್ಕೊಂಡು ನೀಡು ಅಂತಾರ್ರಿ. ಅವತ್ತ ಹುಡುಗುರ ತಾಟಿನ್ಯಾಗ ಅರ್ಧಾ ತತ್ತಿ ಬೀಳತೈತಿ. ಹಂಗೇನ್ರಿ ಇದು?”

ಬಿಸಿಯೂಟದ ಅಡಿಗೆಮನೆಗೂ ಅಧಿಕಾರಿಗಳ ಕ್ಲಬ್ಬಿಗೂ ಭಾಷೆ ಒಂದೇ ಎಂದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ. ಅಷ್ಟರಲ್ಲಿ ಗೌತಮಿಯೇ ಕೇಳಿದಳು:

“ಮಾಸ್ತರ, ಏನ್ ನೋಡ್ಲ್ರಿ?”

ಇಷ್ಟು ವರ್ಷದ ನೌಕರಿಯಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿದ್ದಿಲ್ಲ. ನಾನೂ ಚಂದ್ರಾಮಣ್ಣನನ್ನು ಕೇಳಿರಲಿಲ್ಲ. ಸಾಹೇಬರ ಕಡೆ ನೋಡಿದೆ, ಅವರು ಮೊಬೈಲಿನಲ್ಲಿ ಏನೋ ಓದುತ್ತಿದ್ದರು. ಹುಡುಗಿಯ ಕಡೆ ನೋಡಿದೆ. ಅವಳು ಉತ್ತರಕ್ಕೆ ಕಾಯುತ್ತಿದ್ದಳು.

“ಕಾಕ್ ನೋಡವ್ವ. ಮತ್ತೇನ್ ನೋಡ್ತಿ? ಕಾಕಿನ ಮ್ಯಾಗಿಂದ ಕಣ್ಣು ತಗೀಬ್ಯಾಡ.”

ಕಮಲವ್ವ ಹಿಂದಕ್ಕೆ ಹೋಗಿ ಬಾಗಿಲ ಬಳಿ ನಿಂತಳು.

ಆಟ ಶುರುವಾಗುವ ಹೊತ್ತಿಗೆ ಸಾಹೇಬರಿಗೆ ಸೆಕೆಯಾಯಿತು. “ಫ್ಯಾನ್ ಹಾಕ್ರೆಪಾ” ಎಂದರು. ಬಾಗಿಲ ಮೇಲಿನ ನನ್ನ ಚೀಟಿಯನ್ನು ಯಾರೂ ನೆನೆಸಲಿಲ್ಲ. ಫ್ಯಾನುಗಳು ಒಂದೊಂದಾಗಿ ತಿರುಗಿದವು, ಕೋರ್ಟಿನ ಮೇಲೆ ಗೊಳಸಂಗಿಯ ಗಾಳಿಯೇ ಬಂದಂತಾಯಿತು. ಸಾನ್ವಿ ಆಡುವುದು ಬಾಗಿಲು ಮುಚ್ಚಿದ ತಂಪು ಕೋಣೆಯಲ್ಲಿ. ಅವಳ ಕಾಕ್ ಎತ್ತೆತ್ತಲೋ ಹೋಯಿತು. ಗೌತಮಿ ಮೊದಲ ಎರಡು ಹೊಡೆತ ಹೊಡೆದು, ತಲೆಯೆತ್ತಿ ಫ್ಯಾನುಗಳನ್ನೊಮ್ಮೆ ನೋಡಿ, ಮನೆಗೆ ಬಂದವಳ ಹಾಗೆ ಆಡತೊಡಗಿದಳು.

ಗೆರೆಯ ಬಳಿ ಕೂತವರು ನಮ್ಮ ಆಫೀಸಿನವರೇ. ಸಾನ್ವಿಯ ಕಾಕ್ ಒಂದು ಗೇಣು ಹೊರಗೆ ಬಿದ್ದರೂ ಅವರಿಗೆ ಒಳಗೆ ಕಾಣುತ್ತಿತ್ತು, ಗೌತಮಿಯದು ಗೆರೆಯ ಮೇಲೆ ಬಿದ್ದರೆ ಹೊರಗೆ. ಹುಡುಗಿ ತಕರಾರು ಮಾಡಲಿಲ್ಲ. ಗೆರೆಯ ಹತ್ತಿರ ಹೋಗುವುದನ್ನೇ ಬಿಟ್ಟು ಕೋರ್ಟಿನ ನಡುವೆಯೇ ಬೀಳಿಸತೊಡಗಿದಳು. ಅಲ್ಲಿ ಬಿದ್ದದ್ದನ್ನು ಔಟ್ ಎನ್ನಲು ಯಾರಿಗೂ ಧೈರ್ಯ ಬರಲಿಲ್ಲ. ಮೊದಲ ಗೇಮ್ ಗೌತಮಿಗೆ ಹೋಯಿತು.

ಸಾಹೇಬರು ಮತ್ತೆ ಬೆರಳು ಮಾಡಿದರು.

“ಹೇಳಿದ್ರೋ ಇಲ್ಲೋ?”

“ಹೇಳೇನ್ರಿ. ಹಂಗ ಆಡಾಕತ್ತಾಳ್ರಿ.”

“ಇದೇನು ನೋಡ್ಕೊಂಡು ಆಡೂದು? ಇನ್ನೂ ಬಿಡಿಸಿ ಹೇಳ್ರಿ.”

ಆ ಮಾತು ನೆಟ್ಟಿನ ಆಚೆ ನೀರು ಕುಡಿಯುತ್ತಿದ್ದ ಸಾನ್ವಿಗೂ ಕೇಳುವಷ್ಟು ಜೋರಾಗಿತ್ತು. ಹೋಗಿ ಹೇಳಿದೆ. “ಗೌತಮಿ, ಇನ್ನೂ ನೋಡ್ಕೊಂಡು ಆಡಬೇಕಂತ.” ಅವಳು ಮುಖ ಸಣ್ಣದು ಮಾಡಿ, “ತಪ್ಪಾಗಾಕತ್ತೇತೇನ್ರಿ? ನೋಡ್ತೇನ್ರಿ” ಎಂದು ಬೆವರು ಒರೆಸಿಕೊಂಡು ಹೋದಳು. ಎರಡನೆಯ ಗೇಮ್ ಮೊದಲಿನ ಅರ್ಧ ಹೊತ್ತಿನಲ್ಲಿ ಮುಗಿಯಿತು.

ಅಂಪೈರ್ ಗೌತಮಿಯ ಹೆಸರು ಹೇಳಲು ಬಾಯಿ ತೆರೆದಿದ್ದ. ಸಾಹೇಬರು ಎದ್ದು ನಿಂತರು. “ಈ ಫ್ಯಾನಿನ ಗಾಳ್ಯಾಗ ಆಡಿದ್ದು ಆಟಾ ಅಲ್ಲ. ಇದು ರದ್ದು. ಇನ್ನೊಂದಿನ ವಿಜಯಪುರದಾಗ ಆಡಸೂಣು.” ಅಂಪೈರ್ ತೆರೆದ ಬಾಯಿಯನ್ನು ಹಾಗೆಯೇ ಮುಚ್ಚಿ, ಹೌದೆಂದು ತಲೆಯಾಡಿಸಿದ. ಇನ್ನೊಂದು ದಿನ ಎಂದರೆ ಯಾವ ದಿನ ಎಂದು ನನಗೂ ಗೊತ್ತಿತ್ತು, ಕಮಲವ್ವನಿಗೂ ಗೊತ್ತಿತ್ತು. ಗೌತಮಿ ರ‍್ಯಾಕೆಟ್ಟು ಹಿಡಿದುಕೊಂಡು ಒಬ್ಬೊಬ್ಬರ ಮುಖವನ್ನೇ ನೋಡುತ್ತಿದ್ದಳು.

ಬಾಗಿಲಿನಿಂದ ಕಮಲವ್ವನ ದನಿ ಬಂತು. “ಫ್ಯಾನ್ ಹಾಕ್ರಿ ಅಂದೋರು ನೀವರೀ ಸಾಹೇಬ್ರ.”

ಸಾಹೇಬರು ಕೇಳಿಸದವರಂತೆ ಮೊಬೈಲನ್ನು ಕಿಸೆಗೆ ಹಾಕಿಕೊಂಡರು. ಆಗ ಸಾನ್ವಿ ನೆಟ್ಟಿನ ಕೆಳಗೆ ಬಗ್ಗಿ ನನ್ನ ಕಡೆ ಬಂದಳು. ಮುಖ ಕೆಂಪಾಗಿತ್ತು, ಅಳುತ್ತಿರಲಿಲ್ಲ.

“ಮಾಸ್ತರ, ಒಂದ್ ಕೇಳ್ತೇನಿ. ಇಲ್ಲೀತನ ನಾ ಗೆದ್ದದ್ದೆಲ್ಲಾ ಎಲ್ಲಾರೂ ನೋಡ್ಕೊಂಡು ಆಡಿದ್ದಕ್ಕೇನ್ರಿ?”

ಸಾಹೇಬರು, “ಏ ಸಾನ್ವಿ, ನಡಿ ಹೊತ್ತಾತು” ಎಂದರು. ಅವಳು ನಡೆಯಲಿಲ್ಲ. ನನ್ನ ಉತ್ತರಕ್ಕೆ ಕಾಯುತ್ತ ನಿಂತಳು. ಆ ಹುಡುಗಿಯ ಎದುರು ಸೋತವರೆಲ್ಲರ ಸಾಲಿನಲ್ಲಿ ಎಷ್ಟು ಮಂದಿ ಚಂದ್ರಾಮಣ್ಣರಿದ್ದರೋ ಯಾರಿಗೆ ಗೊತ್ತು.

“ಎಲ್ಲಾದೂ ಅಲ್ಲಬಿಡವ್ವ” ಎಂದೆ. ಅಷ್ಟು ಅವಳಿಗೆ ಸಾಕಾಯಿತು.

ಅವಳು ಅಂಪೈರ್ ಕುರ್ಚಿಯ ಹತ್ತಿರ ಹೋದಳು. “ನಾ ಸೋತೇನಿ, ಬರಕೋರಿ” ಎಂದಳು. ಅಂಪೈರ್ ಸಾಹೇಬರ ಕಡೆ ನೋಡಿದ. “ಅವರ ಕಡೆ ಯಾಕ ನೋಡ್ತೀರಿ? ಆಡಿದಾಕಿ ನಾನು. ಅಪ್ಪಾ, ವಿಜಯಪುರದಾಗ ಆಡಿದ್ರೂ ನಾ ಸೋಲ್ತೇನಿ. ಫ್ಯಾನ್ ಇಲ್ಲದನೂ ಸೋಲ್ತೇನಿ. ಬರಕೋರಿ.”

ಸಾಹೇಬರು ತಮ್ಮ ಸರ್ವೀಸಿನಲ್ಲಿ ಮೇಲಿನವರ ಮಾತನ್ನೂ ಕೇಳಿದವರು, ಕೆಳಗಿನವರಿಗೆ ಮಾತು ಹೇಳಿಯೂ ಗೊತ್ತಿದ್ದವರು. ಮಗಳು ಇವೆರಡರಲ್ಲಿ ಯಾವ ದರ್ಜೆಗೆ ಬರುತ್ತಾಳೆಂದು ಅವರಿಗೆ ಆ ಕ್ಷಣ ತಿಳಿಯಲಿಲ್ಲವೆಂದು ಕಾಣುತ್ತದೆ. ನಿಂತಲ್ಲೇ ಕನ್ನಡಕ ಒರೆಸಿಕೊಂಡರು. ಅಂಪೈರ್ ಗೌತಮಿಯ ಹೆಸರನ್ನು ಹೇಳಿದ. ಯಾರೂ ಚಪ್ಪಾಳೆ ತಟ್ಟಲಿಲ್ಲ, ಕಮಲವ್ವನೂ ತಟ್ಟಲಿಲ್ಲ. ಅವಳು ಸೆರಗನ್ನು ಬಾಯಿಗೆ ಹಿಡಿದುಕೊಂಡಿದ್ದಳು.

ನಾನು ಮುಂದಿನ ತಿಂಗಳು ನಿವೃತ್ತನಾದೆ. ಕಾಂಟ್ರ್ಯಾಕ್ಟಿನ ಮಾತನ್ನು ಯಾರೂ ಎತ್ತಲಿಲ್ಲ. ಇದನ್ನೆಲ್ಲ ಬರೆಯಲು ನನಗೆ ಇಷ್ಟು ಪುರುಸೊತ್ತು ಒದಗಿಸಿದ್ದಕ್ಕೆ ಇಲಾಖೆಗೆ ಋಣಿಯಾಗಿದ್ದೇನೆ.

ಗೌತಮಿ ವಿಜಯಪುರದ ಕ್ರೀಡಾ ವಸತಿ ಶಾಲೆಗೆ ಹೋದಳು. ಸಾನ್ವಿಯ ಮನೆ ಅಲ್ಲಿಂದ ದೂರವಿಲ್ಲ. ಸಂಜೆ ಅವಳೇ ಸೈಕಲ್ ಹೊಡೆದುಕೊಂಡು ಗೌತಮಿಯ ಜೊತೆ ಆಡಲು ಹೋಗುತ್ತಾಳೆಂದು ಕೇಳಿದ್ದೆ. ದಸರಾ ರಜೆಯಲ್ಲಿ ಕಮಲವ್ವ ನನಗೆ ಹೇಳಿಕಳಿಸಿದಳು. ಗೊಳಸಂಗಿಗೆ ಹೋದಾಗ ಶಾಲೆಯ ಅಂಗಳದಲ್ಲಿ ಇಬ್ಬರೂ ನೆಟ್ಟು ಕಟ್ಟಿಕೊಂಡು ಆಡುತ್ತಿದ್ದರು. ಗಾಳಿ ಜೋರಾಗಿತ್ತು. ಕಮಲವ್ವ ಕಟ್ಟೆಯ ಮೇಲೆ ರೊಟ್ಟಿ, ಪುಂಡಿಪಲ್ಯ ತಂದಿಟ್ಟು ಕರೆದಳು, ಇಬ್ಬರೂ ಬರಲಿಲ್ಲ. ಎರಡು ಗೇಮ್ ಗೌತಮಿ ಗೆದ್ದಳು. ಮೂರನೆಯದರಲ್ಲೂ ಗೌತಮಿ ಒಂದು ಕಾಕನ್ನೂ ಬಲಭುಜಕ್ಕೆ ಎತ್ತಿಕೊಡಲಿಲ್ಲ, ಆದರೂ ಅದನ್ನು ಸಾನ್ವಿ ಗೆದ್ದಳು.